ಖಾಲಿ ಬಟ್ಟಲಿನ ಅಕ್ಕೋರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಕೇ ಬೇಕು ಅನ್ನುವವರು ಗದಗಿಗೆ ಬಂದು, ಬಿಂಕದಕಟ್ಟಿ ರಸ್ತೆಯ ಮಗ್ಗುಲಿಗಿರುವ ನಮ್ಮ ಲೇಔಟಿನ ಯಾವ ಅಡುಗೆಮನೆಗಾದರೂ ಹೋಗಿ ನೋಡಬಹುದು. ಯಾವುದೋ ಡಬ್ಬಿಯ ಮುಚ್ಚಳದ ಮೇಲೆ, ಯಾವುದೋ ತಾಟಿನ ಬೆನ್ನಿಗೆ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ಕೆತ್ತಿದ ಆ ಹೆಸರು ಸಿಕ್ಕೇ ಸಿಗುತ್ತದೆ. ನಮ್ಮ ಮನೆಯಲ್ಲೂ ಒಂದು ಡಬ್ಬಿ ಇದೆ, ಒಂದು ಬಟ್ಟಲು ಇದೆ. ತಿರುಗಿ ಕೊಟ್ಟಿಲ್ಲ. ಕೊಡುವುದೂ ಇಲ್ಲ! ಕಾಲೇಜಿನ ಗ್ರಂಥಾಲಯದಲ್ಲಿ ಕೂತು, ಪುಸ್ತಕ ಒಂದು ದಿನ ತಡಮಾಡಿ ತಂದ ಹುಡುಗರನ್ನು ಕಣ್ಣಲ್ಲೇ ಸುಡುವ ನಾನು ಈ ಮಾತು ಹೇಳುತ್ತಿದ್ದೇನೆ ಅಂದರೆ ಅದು ಅಕ್ಕೋರ ಮಹಿಮೆ.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಇವರು ಲಕ್ಷ್ಮೇಶ್ವರದಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಿ, ನಿವೃತ್ತರಾದ ಮೇಲೆ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎತ್ತರದ ಆಳು, ತಲೆಯ ಮೇಲೆ ಸದಾ ಸೆರಗು, ಮತ್ತು ಆ ದನಿ! ಅಷ್ಟು ವರ್ಷ ಹಿಂದಿನ ಸಾಲಿನ ಮಕ್ಕಳಿಗೆ ಮಗ್ಗಿ ಮುಟ್ಟಿಸಿದ ದನಿ ಅದು, ಅವರು ಪಿಸುಗುಟ್ಟಿದರೂ ಓಣಿಯ ತುದಿಗೆ ಕೇಳುತ್ತಿತ್ತು. ಗುಟ್ಟು ಅವರ ಹತ್ತಿರ ನಿಲ್ಲುತ್ತಿರಲಿಲ್ಲ. ಚೌಕಾಬಾರದಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. ಸಿಕ್ಕಿಬಿದ್ದರೆ, ಅಲ್ಲಾಗ ಗೊತ್ತೈತಿ ಬಿಡು, ನಿನಗ್ಯಾಕ, ಅಂತ ನಕ್ಕು ಕವಡೆಯನ್ನು ಮತ್ತೆ ಎತ್ತಿಕೊಳ್ಳುತ್ತಿದ್ದರು.

ಬಂದ ದಿನವೇ ಬಾಗಿಲು ಬಡಿದರು. ನಾನು ಸರಪಳಿ ತೆಗೆಯದೆ ಸಂದಿಯಿಂದ ನೋಡಿದೆ. ಕೈಯಲ್ಲಿ ಖಾಲಿ ಬಟ್ಟಲು. ಹಾಲು ಕಾಸಿಟ್ಟಿದ್ದಾರಂತೆ, ಹೆಪ್ಪು ಬೇಕಂತೆ. ಒಂದು ಚಮಚ ಮೊಸರು ತಾನೆ, ಹಾಕಿ ಕೊಟ್ಟು ಬಾಗಿಲು ಮುಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಒಂದು ಸ್ಟೀಲ್ ಡಬ್ಬಿಯ ತುಂಬ ಗೋಧಿ, ಬೆಲ್ಲದ ಬಿಸಿ ಮಾದ್ಲಿ ಬಂತು. ತಿಂದೆವು, ಚೆನ್ನಾಗಿತ್ತು. ಡಬ್ಬಿಯನ್ನು ಹೊಳೆಯುವಂತೆ ತೊಳೆದು, ಒರೆಸಿ ತಿರುಗಿ ಕೊಟ್ಟೆ. ಅಕ್ಕೋರು ಮುಚ್ಚಳ ತೆಗೆದು ಒಳಗೆ ಇಣುಕಿ, ಏನೋ ಕಳೆದುಕೊಂಡವರ ಹಾಗೆ ನನ್ನ ಮುಖ ನೋಡಿದರು.

"ಇದರಾಗ ಏನೂ ಇಲ್ಲಲ್ಲ, ತಂಗಿ?"

ನಮ್ಮವ್ವ ಬದುಕಿದ್ದರೆ ಅದೇ ಡಬ್ಬಿಯಿಂದ ನನ್ನ ತಲೆಗೆ ಕುಕ್ಕುತ್ತಿದ್ದಳು. ಮಂದಿಯ ಮನೆಯ ಪಾತ್ರೆ ಖಾಲಿ ಕಳಿಸಬಾರದು ಅಂತ ನನಗೆ ಗೊತ್ತಿಲ್ಲದ ಸಂಗತಿಯೇ? ಲೇಔಟಿಗೆ ಬಂದ ಮೇಲೆ ಮರೆತಿದ್ದೆ, ಅಷ್ಟೇ. ಓಡಿಹೋಗಿ ಒಂದು ಹಿಡಿ ಸಕ್ಕರೆ ತಂದು ಡಬ್ಬಿಗೆ ಸುರಿದೆ. ಅವರು ಮುಚ್ಚಳ ಹಾಕಿಕೊಂಡು, ಈಗ ಬರೋಬರಿ ಆತು, ಅಂತ ಹೊರಟುಹೋದರು.

ಆಮೇಲೆ ತಿಳಿಯಿತು ನೋಡಿ! ಆ ದಿನ ಹೆಪ್ಪು ಬೇಡಿದ್ದು ನನ್ನೊಬ್ಬಳನ್ನೇ ಅಲ್ಲ, ಓಣಿಯ ಪ್ರತಿಯೊಂದು ಮನೆಯನ್ನೂ. ಎಲ್ಲರೂ ಒಂದೊಂದು ಚಮಚ ಕೊಟ್ಟಿದ್ದರು. ನನಗೆ ಸಿಟ್ಟು ಬಂತು. ಒಂದು ಗಡಿಗೆ ಹಾಲಿಗೆ ಎಷ್ಟು ಮನೆಯ ಹೆಪ್ಪು ಬೇಕು? ಕೊಟ್ಟವ ಕೋಡಂಗಿ, ಇಸಗೊಂಡಾವ ಈರಭದ್ರ, ಅಂತ ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಗೊಣಗಿದರು. ನಾನು ನೇರ ಹೋಗಿ ಕೇಳಿಯೇಬಿಟ್ಟೆ. ಅಕ್ಕೋರು ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲರ ಮನೆಯದನ್ನೂ ಕೂಡಿಸಿಯೇ ಹೆಪ್ಪು ಹಾಕಿದ್ದರಂತೆ. ಕೈಹಿಡಿದು ಒಳಗೆ ಕರೆದೊಯ್ದು ಗಡಿಗೆ ತೋರಿಸಿದರು. ಚಮಚ ನೆಟ್ಟರೆ ನಿಲ್ಲುವಂಥ ಮೊಸರು! ಇದರಾಗ ನಿಂದು ಯಾವುದು, ಮೂಲಿಮನೀದು ಯಾವುದು ಹೇಳು ನೋಡೂಣು, ಅಂತ ನಕ್ಕರು. ನಾನು ರೊಟ್ಟಿಯೊಂದಿಗೆ ಅದನ್ನು ತಿಂದು, ಸಿಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಅಲ್ಲಿಂದ ಶುರುವಾಯಿತು ಅವರ ಬೇಡಾಟ. ಒಬ್ಬರ ಮನೆಯ ಹಿಟ್ಟಿನ ಸಾಣಿಗೆ, ಇನ್ನೊಬ್ಬರ ಮನೆಯ ಏಣಿ, ಮತ್ತೊಬ್ಬರ ಮನೆಯ ನಿನ್ನೆಯ ಪೇಪರು. ಮೂಲೆಮನೆಯಲ್ಲಿ ನಿವೃತ್ತ ಹವಾಲ್ದಾರರಿದ್ದರು. ಗೇಟಿನ ಮುಂದೆ ಯಾರು ಗಾಡಿ ನಿಲ್ಲಿಸಿದರೂ ಹಾರಾಡುತ್ತಿದ್ದವರು, ಯಾರ ಜೊತೆಗೂ ಮಾತಿಲ್ಲ. ಅಂಥವರ ಹತ್ತಿರ ಹೋಗಿ, ನನಗ ಸೈಕಲ್ಲಿಗೆ ಗಾಳಿ ಹೊಡ್ಯಾಕ ಬರಂಗಿಲ್ಲ, ಒಂಚೂರು ಹೊಡದು ಕೊಡ್ರಿ ಸಾಹೇಬ್ರ, ಅಂದರಂತೆ. ಸೈಕಲ್ಲೂ ಬೇರೆಯವರಿಂದ ಬೇಡಿ ತಂದದ್ದು! ಹವಾಲ್ದಾರರು ಗಾಳಿ ಹೊಡೆದರು, ಬ್ರೇಕು ಸರಿಮಾಡಿದರು, ಕೊನೆಗೆ ಚಾ ಕುಡಿಸಿ ಕಳಿಸಿದರು. ವಾರದೊಳಗೆ ಅವರ ಗೇಟಿನ ಮುಂದೆ ಗಾಡಿಯ ಬದಲು ಮಂದಿ ನಿಲ್ಲತೊಡಗಿದರು.

ಅಕ್ಕೋರು ಒಂದು ಮಾತು ಮೇಲಿಂದ ಮೇಲೆ ಹೇಳುತ್ತಿದ್ದರು: ಕೊಡೋದು ದೊಡ್ಡಸ್ತನ, ಬೇಡೋದು ಬಳಗ. ಕೊಟ್ಟವನು ಮೇಲೆ ಕೂಡುತ್ತಾನೆ, ಇಸಿದುಕೊಂಡವನು ಕೆಳಗೆ. ನೀನು ಮೊದಲು ಕೆಳಗೆ ಕೂತುಬಿಡು, ಆಗ ಎದುರಿನವನಿಗೂ ಕೂಡಲಿಕ್ಕೆ ಧೈರ್ಯ ಬರುತ್ತದೆ ಅನ್ನುವುದು ಅವರ ವಾದ. ನನಗೆ ಆಗ ಅದು ಒಗಟಿನಂತೆ ಕೇಳುತ್ತಿತ್ತು. ಯಾರ ಹಂಗೂ ಬೇಡ ಅನ್ನುವುದನ್ನೇ ದೊಡ್ಡ ಗುಣ ಅಂದುಕೊಂಡು ಬೆಳೆದವಳು ನಾನು.

ಆದರೆ ಆ ವರ್ಷ ನಮ್ಮ ಮನೆಯಲ್ಲಿ ಒಂದು ಸಂಕಟವಿತ್ತು, ಅದು ಯಾರನ್ನು ಬೇಡಿದರೂ ನೀಗುವಂಥದ್ದು ಅಂತ ಅನಿಸಿರಲಿಲ್ಲ. ನಮ್ಮ ಮಾವ ಮಾತು ಬಿಟ್ಟಿದ್ದರು.

ಮಾವ ಅಂತೂರ ಬೆಂತೂರ ಅನ್ನುವ ಹಳ್ಳಿಯವರು. ಎರೆಹೊಲದಲ್ಲೇ ಹುಟ್ಟಿ, ಎರೆಹೊಲದಲ್ಲೇ ಮುದುಕರಾದವರು. ಸೊಂಟದ ನೋವು ಹೆಚ್ಚಾಗಿ ನಡೆಯುವುದು ಕಷ್ಟವಾದಾಗ, ಹೊಲವನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ನಾವು ಅವರನ್ನು ಗದಗಿಗೆ ಕರೆತಂದೆವು. ಮೊದಮೊದಲು ಹೂಂ, ಉಹೂಂ ಅನ್ನುತ್ತಿದ್ದರು. ಆಮೇಲೆ ಅದೂ ನಿಂತಿತು. ಊಟ ಅರ್ಧ ರೊಟ್ಟಿಗೆ ಇಳಿಯಿತು. ದವಾಖಾನೆಗೆ ಕರೆದೊಯ್ದೆವು. ಗಂಟಲು ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಮನಸ್ಸಿನಲ್ಲಿ ಏನೋ ಇದೆ, ಮಾತಾಡಿಸುತ್ತಿರಿ ಅಂದರು ಡಾಕ್ಟರು. ಏನು ಮಾತಾಡಿಸುವುದು? ಊಟ ಆತೇನ್ರಿ, ಗುಳಿಗಿ ತಗೊಂಡ್ರೇನ್ರಿ, ಇದನ್ನು ಬಿಟ್ಟು ಅವರನ್ನು ಕೇಳುವಂಥದ್ದು ನಮ್ಮ ಹತ್ತಿರ ಏನೂ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತ ಆ ಜೀವ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಹೀಗೇ ಹೋದರೆ ಮಾವ ಉಳಿಯುವುದಿಲ್ಲ ಅಂತ ನನಗೂ ಗೊತ್ತಿತ್ತು, ನಮ್ಮ ಮನೆಯವರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕೋರು ಬಂದರು. ಆ ದಿನ ಕೈಯಲ್ಲಿ ಬಟ್ಟಲಿರಲಿಲ್ಲ.

"ತಂಗಿ, ನಿಮ್ಮ ಮಾವನ್ನ ಒಂದ ತಾಸು ಕಡಾ ಕೊಡ್ತೀಯೇನು?"

ಕಡಾ! ಸಾಣಿಗೆ ಕೇಳಿದಷ್ಟೇ ಸಲೀಸಾಗಿ! ಅವರು ನನ್ನನ್ನು ದಾಟಿ ಒಳಗೆ ಹೋಗಿ ಮಾವನ ಮುಂದೆ ನೆಲದ ಮೇಲೆ ಕೂತರು. ನಮ್ಮ ಮನೆಯ ಮಗ್ಗುಲಿಗೇ ಒಂದು ಖಾಲಿ ಸೈಟಿತ್ತು. ಮಾಲೀಕರು ಹುಬ್ಬಳ್ಳಿಯವರು. ಅಲ್ಲಿ ಕಸ, ಪ್ಲಾಸ್ಟಿಕ್ಕು, ಆಳೆತ್ತರದ ಕಾಂಗ್ರೆಸ್ ಗಿಡ. ಅಕ್ಕೋರು ಅವರಿಗೂ ಫೋನು ಮಾಡಿ ಜಾಗ ಬೇಡಿದ್ದರು. ಈಗ ಮಾವನಿಗೆ, ಕಾಕಾ, ನಾ ಮಾಸ್ತರಕಿ ಮಾಡಿದಾಕಿ, ನನಗ ಬಿತ್ತಾಕ ಬರಂಗಿಲ್ಲ, ಓಣ್ಯಾಗ ಯಾರಿಗೂ ಬರಂಗಿಲ್ಲ, ನೀವು ಬರದಿದ್ರ ಆಗಂಗಿಲ್ಲ ಅಂದರು. ಮಾವ ಗೋಡೆಯಿಂದ ಮುಖ ತಿರುಗಿಸಲಿಲ್ಲ. ಆದರೆ ಅಕ್ಕೋರು ಕೈ ಚಾಚಿದಾಗ ಕೋಲು ಹಿಡಿದು ಎದ್ದರು. ನಾನು ಕುರ್ಚಿ ಹೊತ್ತುಕೊಂಡು ಹಿಂದೆ ಓಡಿದೆ.

ಸೈಟು ಸ್ವಚ್ಛ ಮಾಡಲಿಕ್ಕೆ ಇಡೀ ಓಣಿ ಬಂತು. ಬರದೆ ಏನು ಮಾಡುತ್ತಾರೆ, ಎಲ್ಲರ ಮನೆಯಲ್ಲೂ ಅಕ್ಕೋರ ಪಾತ್ರೆ ಇತ್ತಲ್ಲ! ಬೀಜವನ್ನೂ ಅವರು ಅಂಗಡಿಯಿಂದ ತರಗೊಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಊರಿನಿಂದ, ತಮ್ಮವರನ್ನು ಬೇಡಿ ತರಬೇಕು. ಶಿರಹಟ್ಟಿಯಿಂದ ಬಿಳಿಜೋಳ ಬಂತು, ಮುಂಡರಗಿಯಿಂದ ಕಡಲೆ, ಲಕ್ಕುಂಡಿಯಿಂದ ಕುಸುಬೆ, ಲಕ್ಷ್ಮೇಶ್ವರದಿಂದ ಅಗಸೆ. ಎಷ್ಟೋ ವರ್ಷದಿಂದ ಫೋನು ಮಾಡದ ಅತ್ತೆ, ದೊಡ್ಡಪ್ಪಂದಿರಿಗೆ ಫೋನು ಹೋದವು. ನಿನಗ ಯಾಕ್ಲೇ ಬೀಜ, ಮನಿ ಮ್ಯಾಲ ಬಿತ್ತತೀಯೇನು, ಅಂತ ಆ ಕಡೆಯಿಂದ ನಗೆ.

ಇನ್ನು ಲೇಔಟಿನವರ ಜಾಣತನ ಕೇಳಿ! ಹಸ್ತ ಮಳೆ ಬಿದ್ದು ನೆಲ ಹದವಾಗಿತ್ತು. ಬೆಳಿಗ್ಗೆ ಮಾವನನ್ನು ಕರೆದುಕೊಂಡು ಬರುವುದರೊಳಗೆ ನಮ್ಮವರೆಲ್ಲ ಟೇಪು ಹಿಡಿದು ಅಳೆದು, ಸೈಟನ್ನು ಮನೆಗೊಂದು ಪಟ್ಟಿಯಂತೆ ಹಂಚಿಕೊಂಡು, ನಡುನಡುವೆ ಕಲ್ಲು ನಿಲ್ಲಿಸಿಬಿಟ್ಟಿದ್ದರು. ಹವಾಲ್ದಾರರು ಸುಣ್ಣದ ಗೆರೆಯನ್ನೂ ಎಳೆದಿದ್ದರು. ಸೈಟಿನೊಳಗೆ ಸೈಟು! ನಮ್ಮ ಮನೆಯವರು ಒಂದು ಗೇಣು ಜಾಸ್ತಿ ಒತ್ತಿಕೊಂಡಿದ್ದಾರೆ ಅಂತ ಆಗಲೇ ಸಣ್ಣ ಜಗಳವೂ ನಡೆದಿತ್ತು. ಅಕ್ಕೋರು ಮಾವನ ಮುಖ ನೋಡುತ್ತ ನಿಂತರು.

ಮಾವ ಕುರ್ಚಿಯಿಂದ ಎದ್ದರು. ಕೋಲಿನ ತುದಿಯಿಂದ ಮೊದಲ ಕಲ್ಲನ್ನು ಉರುಳಿಸಿದರು. ಎರಡನೆಯದನ್ನೂ ಉರುಳಿಸಿದರು. ಉಳಿದವನ್ನು ಹವಾಲ್ದಾರರೇ ತಲೆತಗ್ಗಿಸಿ ಕಿತ್ತರು. ಆಮೇಲೆ ಮಾವ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. ಎಷ್ಟೋ ತಿಂಗಳ ಮೇಲೆ ಆ ಬಾಯಿ ತೆರೆಯಿತು. ತುಕ್ಕು ಹಿಡಿದ ಅಗಳಿ ತೆಗೆದ ಹಾಗಿತ್ತು ದನಿ.

"ಹೊಲದಾಗ ಯಾರೂ ಒಬ್ಬೊಬ್ಬರ ಇರಂಗಿಲ್ಲ."

ಅಷ್ಟೇ. ಮತ್ತೆ ಬಾಯಿ ಮುಚ್ಚಿತು. ಆದರೆ ಕೈ ಮಾತಾಡತೊಡಗಿತು. ಜೋಳದ ಸಾಲು ಎಲ್ಲಿ, ಅದರ ಮಗ್ಗುಲಿಗೆ ಕಡಲೆ ಎಲ್ಲಿ, ನಡುವೆ ಅಗಸೆ ಎಷ್ಟು, ಎಲ್ಲವನ್ನೂ ಕೋಲಿನಿಂದ ತೋರಿಸಿದರು. ಕುಸುಬೆ ಮಾತ್ರ ಸುತ್ತಲೂ, ಅಂಚಿಗೆ. ಯಾಕೆ ಅಂತ ಅಕ್ಕೋರು ಕೇಳಿಯೇ ಕೇಳಿದರು. ಮಾವ ಬೆರಳನ್ನು ಮುಳ್ಳು ಚುಚ್ಚಿದವರಂತೆ ಝಾಡಿಸಿ ತೋರಿಸಿದರು. ಕುಸುಬೆ ಮುಳ್ಳಿನದು, ಆಡು ದನ ಒಳಗೆ ಬರುವುದಿಲ್ಲ. ಜೋಳದ ಜೊತೆ ಕಡಲೆ ಯಾಕೆ? ಆ ಪ್ರಶ್ನೆಗೆ ಎರಡು ದಿನ ಬಿಟ್ಟು ಉತ್ತರ ಬಂತು, ಅದೂ ಒಂದೇ ಮಾತಿನಲ್ಲಿ: ಜೋಳ ನೆಲದ್ದು ಉಣತೈತಿ, ಕಡ್ಲಿ ನೆಲಕ್ಕ ಉಣಿಸತೈತಿ.

ದಿನಾಲು ಹೀಗೇ. ಬೆಳಿಗ್ಗೆ ಅಕ್ಕೋರು ಬಂದು ಮಾವನನ್ನು ಕಡ ಒಯ್ಯುತ್ತಿದ್ದರು, ಬಿಸಿಲೇರುವ ಹೊತ್ತಿಗೆ ತಂದು ಒಪ್ಪಿಸುತ್ತಿದ್ದರು. ಒಂದು ದಿನವೂ ಖಾಲಿ ತಂದು ಬಿಡಲಿಲ್ಲ! ಒಂದು ಮಾತು, ಒಂದು ಸಣ್ಣ ನಗು, ಹೋಗಲಿ, ಒಂದು ಬೈಗುಳವನ್ನಾದರೂ ತುಂಬಿಕೊಂಡು ಮಾವ ಮನೆಗೆ ಬರುತ್ತಿದ್ದರು. ಜೋಳ ತೆನೆ ಕಟ್ಟಿದಾಗ ಹಕ್ಕಿ ಕಾಯಲಿಕ್ಕೆ ಹವಾಲ್ದಾರರ ಹಳೆಯ ಸೀಟಿಯನ್ನು ಅಕ್ಕೋರು ಬೇಡಿದರು. ಸೀಟಿ ಕೊಟ್ಟ ಹವಾಲ್ದಾರರು ತಾವೂ ಬಂದರು. ಡ್ಯೂಟಿಯ ಮೇಲಿದ್ದಾಗ ಊದಿದ್ದಕ್ಕಿಂತ ಹೆಚ್ಚು ಊದಿದರು.

ಎಳ್ಳ ಅಮಾವಾಸ್ಯೆ ಬಂತು. ಒಕ್ಕಲುತನದ ಮನೆಯವರು ಆ ದಿನ ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ. ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆ ಉಣಿಸುವುದು ಅದು. ಮುಂದೆ ಚೆಲ್ಲುವವ ಒಂದು ಕೂಗು ಹಾಕಬೇಕು, ಹಿಂದೆ ಬರುವವರು ಅದಕ್ಕೆ ಓಗೊಡಬೇಕು. ಕೂಗಿನ ಮಾತು ಊರಿಗೊಂದು ತರಹ. ನಮ್ಮ ಓಣಿಯ ಹೆಂಗಸರು ಸಜ್ಜೆ ರೊಟ್ಟಿ, ಬದನೆಕಾಯಿಯ ಎಣಗಾಯಿ, ಶೇಂಗಾ ಹೋಳಿಗೆ ಹೊತ್ತು ತಂದರು. ಮಾವ ಆ ದಿನ ಪೆಟ್ಟಿಗೆಯ ತಳದಿಂದ ರುಮಾಲು ತೆಗೆಸಿ ಸುತ್ತಿಕೊಂಡಿದ್ದರು. ಎಡಗೈಯಲ್ಲಿ ಕೋಲು, ನಮ್ಮ ಮನೆಯವರ ಕೈಯಲ್ಲಿ ಚರಗದ ಬುಟ್ಟಿ. ಮಾವ ಒಂದು ಹಿಡಿ ಎತ್ತಿ ಜೋಳಕ್ಕೆ ಚೆಲ್ಲಿದರು. ಎದೆ ಏರಿತು, ಇಳಿಯಿತು, ಮತ್ತೆ ಏರಿತು.

"ಹುಲ್ಲುಲ್ಲಿಗೋ…"

ದನಿ ಒಡೆದಿತ್ತು. ಆದರೂ ಬಂದಿತ್ತು, ಮಾವನ ದನಿ! ನಾನು ಕುಣಿಯುವುದೊಂದು ಬಾಕಿ. ಆದರೆ ಓಗೊಡುವವರು ಯಾರು? ನಮ್ಮವರೆಲ್ಲ ಮೊಬೈಲು ಎತ್ತಿ ಹಿಡಿದು ನಿಂತಿದ್ದರು. ಯಾರಿಗೂ ಆ ಮಾತು ಗೊತ್ತಿಲ್ಲ, ಸಣ್ಣವರಿದ್ದಾಗಲೇ ಓದಲಿಕ್ಕೆ ಊರು ಬಿಟ್ಟ ನಮ್ಮ ಮನೆಯವರಿಗೂ ಇಲ್ಲ. ನನಗೂ ಗೊತ್ತಿಲ್ಲ. ಮಾವ ಹಿಂತಿರುಗಿ ನೋಡಿದರು. ಒಂದು ಗಳಿಗೆ, ಇನ್ನೊಂದು ಗಳಿಗೆ. ಆ ಮುಖ ಮತ್ತೆ ಗೋಡೆಯ ಕಡೆ ತಿರುಗಿ ಕೂಡುವ ಮುಖವಾಗುವುದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಹಿಂದಿನಿಂದ, ಕುಸುಬೆಯ ಅಂಚಿನಿಂದ ಬಂತು ನೋಡಿ ಮಗ್ಗಿ ಮುಟ್ಟಿಸಿದ ಆ ದನಿ:

"ಸಲಾಂಬ್ರಿಗೋ…!"

ಅಕ್ಕೋರು! ಸೆರಗನ್ನು ಸೊಂಟಕ್ಕೆ ಸಿಗಿಸಿ, ಒಂದು ಕೈಯನ್ನು ಬಾಯಿಯ ಪಕ್ಕ ಹಿಡಿದು, ಹೊಲದ ಆ ತುದಿಯವರಿಗೆ ಕೇಳುವಂತೆ ಕೂಗುವ ಒಕ್ಕಲಗಿತ್ತಿಯ ಪಕ್ಕಾ ಕೂಗು. ಮಾವನ ಕಣ್ಣು ಅರಳಿದವು. ಮತ್ತೆ ಕೂಗಿದರು, ಈ ಸಲ ಗಟ್ಟಿಯಾಗಿ. ಅಕ್ಕೋರು ಮತ್ತೆ ಓಗೊಟ್ಟರು. ಮೂರನೆಯ ಸಲಕ್ಕೆ ಹವಾಲ್ದಾರರು ಸೇರಿದರು, ಆಮೇಲೆ ಇಡೀ ಓಣಿ ಸೇರಿತು. ಆ ಅಂಗೈಯಗಲದ ಸೈಟನ್ನು ನಾವು ಎಷ್ಟು ಸುತ್ತು ಹಾಕಿದೆವೋ ಏನೋ! ಪಕ್ಕದ ಲೇಔಟಿನವರು ಮಾಳಿಗೆ ಹತ್ತಿ ನೋಡಿದರು. ಊಟಕ್ಕೆ ಕೂತಾಗ ಮಾವ ಎರಡು ರೊಟ್ಟಿ ಉಂಡು, ಮೂರನೆಯದನ್ನು ಮುರಿಯುತ್ತ, ಎಣಗಾಯಿಗೆ ಉಪ್ಪು ಸಾಲದು ಅಂದರು. ಮಾವ ನನ್ನ ಅಡುಗೆಗೆ ಹೆಸರಿಟ್ಟರು! ನಾನು ಉಪ್ಪು ತರುವ ನೆಪ ಮಾಡಿ ಮನೆಯೊಳಗೆ ಹೋಗಿ ಮನಸಾರೆ ಅತ್ತು ಬಂದೆ.

ಪಾತ್ರೆ ತೊಳೆಯುವಾಗ ಅಕ್ಕೋರನ್ನು ಹಿಡಿದು ಕೇಳಿದೆ. ಆಗ ಹೊರಬಿತ್ತು ನಿಜ. ಅವರ ತವರು ಶಿರಹಟ್ಟಿ ಕಡೆಯ ಹಳ್ಳಿ. ಅಪ್ಪ ಒಕ್ಕಲುತನ ಮಾಡುತ್ತಿದ್ದರು, ಇವರು ಅಪ್ಪನ ಹಿಂದೆ ಬೀಜ ಬಿಡುತ್ತ ಬೆಳೆದವರು. ಪ್ರತಿ ವರ್ಷ ಮಗ್ಗುಲ ಹೊಲದವರು ಚರಗಕ್ಕೆ ಕರೆದಾಗ ಓಗೊಡುವ ಸರದಿ ಇವರ ಮನೆಯದೇ, ಅಲ್ಲಿಯ ಕೂಗೂ ಇದೇ. ಜೋಳದ ಮಗ್ಗುಲಿಗೆ ಕಡಲೆ ಯಾಕೆ ಅನ್ನುವುದು ಅವರಿಗೆ ನನ್ನ ಮಾವನಷ್ಟೇ ಚೆನ್ನಾಗಿ ಗೊತ್ತಿತ್ತು.

"ಮತ್ತ ಬಿತ್ತಾಕ ಬರಂಗಿಲ್ಲಂತ ಯಾಕ ಅಂದ್ರಿ?"

"ಬರತೈತಿ ಅಂದಿದ್ರ, ನಿಮ್ಮ ಮಾವ ಎದ್ದು ಬರತಿದ್ರೇನು?"

ತಾಟಿನ ನೀರು ಝಾಡಿಸಿ ಅವರು ಇನ್ನೊಂದು ಸಂಗತಿ ಹೇಳಿದರು. ಅವರ ಅವ್ವ ದಿನಾ ಬೆಳಿಗ್ಗೆ ಒಲೆಗೆ ಕೆಂಡವನ್ನು ನೆರೆಮನೆಯಿಂದ ತರಿಸುತ್ತಿದ್ದರಂತೆ. ಮನೆಯಲ್ಲಿ ಕಡ್ಡಿಪೆಟ್ಟಿಗೆ ಇರುತ್ತಿತ್ತು. ಆದರೂ ತರಿಸುತ್ತಿದ್ದರು. ಕೆಂಡಕ್ಕೆ ಹೋದವರು ಆ ಮನೆಯಲ್ಲಿ ರಾತ್ರಿ ಯಾರಿಗೆ ಜ್ವರ ಬಂತು, ಯಾರು ಉಣ್ಣದೆ ಮಲಗಿದರು ಅನ್ನುವುದನ್ನೂ ತರುತ್ತಿದ್ದರು. ಯಾವ ಮನೆಯಿಂದ ಕೆಂಡಕ್ಕೆ ಯಾರೂ ಬರಲಿಲ್ಲವೋ ಆ ಮನೆಗೆ ಅವ್ವನೇ ಹೋಗಿ ಬಾಗಿಲು ಬಡಿಯುತ್ತಿದ್ದರಂತೆ. ಈಗ ಒಲಿ ಇಲ್ಲ, ಕೆಂಡ ಇಲ್ಲ, ಅದಕ್ಕ ಹೆಪ್ಪು ಹಿಡದೇನಿ, ಅಂತ ಅಕ್ಕೋರು ನಕ್ಕರು.

ಸಂಕ್ರಾಂತಿಯ ಹೊತ್ತಿಗೆ ಎಳೆಯ ತೆನೆ ಸುಟ್ಟು ಸೀತನಿ ತಿಂದೆವು. ಹುಬ್ಬಳ್ಳಿಯ ಮಾಲೀಕರು ಸಂಸಾರ ಸಮೇತ ಬಂದು ತಿಂದು, ಮನೆ ಕಟ್ಟುವ ತನಕ ಬಿತ್ತಿಕೊಳ್ಳಿ ಅಂದರು. ಮಾವ ಈಗ ಅಕ್ಕೋರು ಕರೆಯುವ ಮೊದಲೇ ಸೈಟಿನಲ್ಲಿರುತ್ತಿದ್ದರು.

ಈಚೆಗೆ ಅಕ್ಕೋರು ಓಣಿ ಬಿಟ್ಟರು. ಮುಂಡರಗಿಯಲ್ಲಿ ಅವರ ತಂಗಿಗೆ ಮೊಣಕಾಲಿನ ಆಪರೇಷನ್ ಆಗಿ, ಜೊತೆಗೆ ಯಾರಾದರೂ ಬೇಕಾಗಿತ್ತು. ಟೆಂಪೋಕ್ಕೆ ಸಾಮಾನು ತುಂಬಲಿಕ್ಕೆ ಹೋದರೆ, ಅವರ ಅಡುಗೆಮನೆಯಲ್ಲಿ ಅವರ ಹೆಸರಿನ ಒಂದು ಪಾತ್ರೆಯೂ ಇಲ್ಲ! ನನ್ನ ತಪೇಲಿ, ಹವಾಲ್ದಾರರ ಮನೆಯ ಕೊಳಗ, ಎಲ್ಲ ನಮ್ಮವೇ. ಅವರವೆಲ್ಲ ನಮ್ಮ ಮನೆಗಳಲ್ಲಿದ್ದವು. ಈಗಲೇ ಅದಲುಬದಲು ಮಾಡಿಬಿಡೋಣ ಅಂತ ನನ್ನ ಗ್ರಂಥಾಲಯದ ಬುದ್ಧಿ ಎದ್ದು ನಿಂತಿತು. ಅಕ್ಕೋರು ಕೈ ಅಡ್ಡ ಹಿಡಿದರು. ಚುಕ್ತಾ ಆತಂದ್ರ ಸಂಬಂಧ ತೀರಿತು ತಂಗಿ, ಹಂಗ ಇರಲಿ, ಅಂದರು. ಮುಂಡರಗಿಯಲ್ಲಿ ಆ ಓಣಿಯಲ್ಲಿ ಅವರಿಗೆ ಯಾರ ಗುರುತೂ ಇಲ್ಲವಂತೆ. ಎಷ್ಟು ಮನಿ ಅದಾವು ಬೇಡಾಕ, ಅಂತ ಹೇಳುವಾಗ ಹೊಸ ತರಗತಿಗೆ ಹೊರಟ ಹುಡುಗಿಯ ಹಾಗಿತ್ತು ಆ ಮುಖ.

ಟೆಂಪೋ ಶುರುವಾದಾಗ ಮಾವ ಕೋಲೂರಿಕೊಂಡು ಬಂದು ಕಿಟಕಿ ಹಿಡಿದರು. ಜೀವಮಾನದಲ್ಲಿ ಯಾರ ಮುಂದೂ ಕೈಚಾಚದ ಮನುಷ್ಯ ಅವರು.

"ಅಕ್ಕೋರ, ಮುಂಡರಗಿಯೊಳಗ ಮುಳ್ಳಿನ ಕುಸುಬಿ ಬೀಜ ಸಿಕ್ರ ನನಗ ಒಂದ ಹಿಡಿ ಬೇಕಾಗಿತ್ರಿ. ಬರೂ ವರ್ಷಕ್ಕ."

ಅಕ್ಕೋರ ಆ ದೊಡ್ಡ ದನಿ ಒಂದೇ ಒಂದು ಸಲ ಕೈಕೊಟ್ಟದ್ದು ಆಗ. ಸುಮ್ಮನೆ ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು.

ಮೊನ್ನೆ ಆ ಮನೆಗೆ ಹೊಸ ಬಾಡಿಗೆಯವರು ಬಂದರು. ಗಂಡ ಹೆಂಡತಿ, ಇನ್ನೂ ಸಣ್ಣ ವಯಸ್ಸು. ಯಾರ ಕಡೆಗೂ ನೋಡದೆ ಸಾಮಾನು ಇಳಿಸಿ ಬಾಗಿಲು ಹಾಕಿಕೊಂಡರು. ನಾನು ಅಕ್ಕೋರ ಬಟ್ಟಲಿನ ತುಂಬ ಮಾದ್ಲಿ ಹಾಕಿಕೊಂಡು ಹೊರಟೆ. ಜಗುಲಿಯ ಮೇಲಿದ್ದ ಮಾವ ಬಟ್ಟಲು ನೋಡಿ ಕೋಲನ್ನು ಅಡ್ಡ ಹಿಡಿದರು.

"ತುಂಬಿ ಒಯ್ಯಬ್ಯಾಡ ಯವ್ವಾ. ಖಾಲಿ ಒಯ್ಯಿ."

ಒಳಗೆ ಹೋಗಿ ಮಾದ್ಲಿಯನ್ನು ಡಬ್ಬಿಗೆ ಸುರಿದೆ, ಬಟ್ಟಲು ತೊಳೆದೆ. ಫ್ರಿಜ್ಜಿನಲ್ಲಿ ಗಡಿಗೆಯ ತುಂಬ ಮೊಸರಿತ್ತು. ಎದುರುಮನೆಯ ಬಾಗಿಲು ಬಡಿದೆ, ಐವತ್ತು ದಾಟಿದ ಮೇಲೆ ಮೊದಲ ಸಲ ಗುರುತಿಲ್ಲದವರ ಹತ್ತಿರ ಬೇಡಲಿಕ್ಕೆ ನಿಂತಿದ್ದೆ. ಸಂದಿಯಿಂದ ಒಂದು ಕಣ್ಣು ನನ್ನನ್ನು ನೋಡಿತು, ಆಮೇಲೆ ಬಟ್ಟಲನ್ನು ನೋಡಿತು.

"ಹೆಪ್ಪು ಐತೇನ್ರಿ, ಯವ್ವಾ?" ಅಂದೆ.

ಸರಪಳಿ ತೆಗೆದ ಸಪ್ಪಳವಾಯಿತು.